ನಿಂತು ನಿಂತು ಉಯ್ಯಂಬಳ್ಳಿಗೆ

ಶನಿವಾರ ಬೆಳಿಗ್ಗೆ ಏಳಕ್ಕೆ ನಾನೂ ಅವ್ವನೂ ನಮ್ಮ ಹಳೆಯ ಬಿಳಿ ಕಾರಿನಲ್ಲಿ ಮಾಗಡಿ ಬಿಟ್ಟೆವು. ಉಯ್ಯಂಬಳ್ಳಿಯಲ್ಲಿ ನನ್ನ ತಂಗಿ ಗೌರಿಗೆ ದಿನ ತುಂಬುತ್ತಿತ್ತು. ರಕ್ತದೊತ್ತಡ ಏರಿದೆ, ಆಸ್ಪತ್ರೆ ಹತ್ತಿರವಿರುವ ಕಡೆ ಇಟ್ಟುಕೊಳ್ಳಿ, ದಾರಿಯಲ್ಲಿ ಮಾತ್ರ ಎಲ್ಲೂ ಸಿಕ್ಕಿಹಾಕಿಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದರು. ಭಾನುವಾರ ಅವಳನ್ನು ಮಾಗಡಿಗೆ ಕರೆತರಬೇಕಿತ್ತು. ಕಾರಿಗೋ ಒಂದು ಕಾಯಿಲೆ ಅಂಟಿಕೊಂಡಿತ್ತು. ಓಡುತ್ತಿದ್ದಂತೆಯೇ ಲೈಟು, ಹಾರ್ನು, ಇಂಜಿನ್ನು ಎಲ್ಲ ಒಟ್ಟಿಗೆ ಸತ್ತುಹೋಗುತ್ತಿದ್ದವು. ಸ್ವಲ್ಪ ಹೊತ್ತಿಗೆ ಏನೂ ಆಗಿಲ್ಲವೆಂಬಂತೆ ಗಾಡಿ ಮತ್ತೆ ಹೊರಡುತ್ತಿತ್ತು.

ಬಾಡಿಗೆ ಕಾರಿನವರು ಹೋಗಿಬರಲು ಮೂರೂವರೆ ಸಾವಿರ ಕೇಳಿದ್ದರು. ಅದನ್ನು ಕೊಡಬಹುದಿತ್ತು, ಆದರೆ ಮಾಗಡಿಗೆ ಕರೆತಂದ ಮೇಲೆ ಹೆರಿಗೆ ನೋವು ಯಾವ ಹೊತ್ತಿಗೆ ಬರುವುದೋ, ಆಗ ಯಾರ ಮನೆ ಬಾಗಿಲು ತಟ್ಟುವುದು? ನಮ್ಮ ಕಾರೇ ಸರಿಹೋಗಬೇಕಿತ್ತು. ನನ್ನದು ಹಿಟ್ಟಿನ ಗಿರಣಿ. ಮೋಟಾರು ಕೆಟ್ಟರೆ ನಾನೇ ಬಿಚ್ಚುತ್ತೇನೆ. ಕೆಟ್ಟದ್ದು ಕೆಟ್ಟೇ ಇದ್ದರೆ ಹುಡುಕಿ ಹಿಡಿಯಬಹುದು, ಹೀಗೆ ಕಣ್ಣಾಮುಚ್ಚಾಲೆ ಆಡಿದರೆ ಏನು ಮಾಡುವುದು? ನಮ್ಮೂರಿನ ಮೆಕ್ಯಾನಿಕ್ಕು ಹೊಸ ಬ್ಯಾಟರಿ ಹಾಕಿ ಕೈಚೆಲ್ಲಿದ್ದ. ದಾರಿಯಲ್ಲಿ ಸಿಗುವ ಊರುಗಳಲ್ಲಿ ತೋರಿಸುತ್ತ ಹೋಗೋಣ, ಆಗದಿದ್ದರೆ ಕಾರನ್ನು ಕನಕಪುರದಲ್ಲೇ ಬಿಟ್ಟು ಬಾಡಿಗೆ ಗಾಡಿ ಹಿಡಿಯೋಣ ಎಂದು ತೀರ್ಮಾನಿಸಿದ್ದೆ.

ಅವ್ವ ತನ್ನದೇ ಮದ್ದು ಹುಡುಕಿಕೊಂಡಿದ್ದಳು. ಕಾರು ಮೊದಲ ಸಲ ನಿಂತಾಗಲೇ ಮನೆದೇವರು ವೀರಭದ್ರಸ್ವಾಮಿಗೆ ಹರಕೆ ಹೊತ್ತು, ಅರಿಸಿನದ ಬಟ್ಟೆಯಲ್ಲಿ ಕಾಸು ಕಟ್ಟಿ ಮುಡಿಪು ಮಾಡಿದ್ದಳು. ಗಾಡಿಯ ಹರಕೆ ಗಾಡಿಯಲ್ಲೇ ಇರಬೇಕೆಂದು ಅದನ್ನು ಕೀಲಿಕೈ ಗೊಂಚಲಿಗೇ ಪಿನ್ನು ಹಾಕಿ ನೇತುಹಾಕಿದ್ದಳು. ಕಾರು ನಿಂತಾಗಲೆಲ್ಲ ಮುಡಿಪು ಬಿಚ್ಚಿಸಿಕೊಂಡು, ಕಣ್ಣುಮುಚ್ಚಿ, ಇನ್ನೊಂದು ನಾಣ್ಯ ಸೇರಿಸಿ ಗಂಟು ಹಾಕುವಳು. ಅಷ್ಟರಲ್ಲಿ ಗಾಡಿ ಹೊರಡುವುದು. "ನೋಡ್ದೇನೇ? ನಿನ್ ಮೆಕ್ಯಾನಿಕ್ಕಿಗಿಂತ ನಮ್ ವೀರಭದ್ರಪ್ಪ ವಾಸಿ" ಎಂದು ಮುಡಿಪನ್ನು ನನ್ನ ಕೈಗೆ ಕೊಡುವಳು, ನಾನು ಮತ್ತೆ ನೇತುಹಾಕುವೆನು. ಆ ಶನಿವಾರದ ಹೊತ್ತಿಗೆ ಅದು ದಪ್ಪ ನಿಂಬೆಹಣ್ಣಿನಷ್ಟಾಗಿತ್ತು.

ಕೂಟಗಲ್ ಕಡೆಯ ದಾರಿಯಲ್ಲಿ ಇನ್ನೂ ಮಂಜಿತ್ತು. ಒಂದು ಹಳ್ಳಿಯ ಮುಂದೆ ಡಾಂಬರಿನ ಮೇಲೆ ಉದ್ದಕ್ಕೂ ರಾಗಿ ತೆನೆ ಹರಡಿದ್ದರು. ಹೋಗುವ ಬರುವ ಗಾಡಿಗಳ ಚಕ್ರವೇ ಅವರ ಒಕ್ಕಣೆ. ಉಬ್ಬಿನ ಮೇಲೆ ಒಂದು ಸಲ ಎತ್ತಿಹಾಕಿದ್ದೇ, ನಮ್ಮ ಕಾರು ಸರಿಯಾಗಿ ರಾಗಿಯ ನಡುವೆ ಸತ್ತಿತು.

ತಲೆಗೆ ಟವೆಲು ಸುತ್ತಿದ್ದ ರೈತರೊಬ್ಬರು ಮೊರ ಹಿಡಿದೇ ಬಂದರು. "ಏನಕ್ಕಾ, ತುಳೀರಿ ಅಂತ ಹಾಕಿದ್ರೆ ಮೇಲೇ ಕುಂತ್ಬುಟ್ರಲ್ಲಾ!"

"ಕುಂತಿಲ್ಲಪ್ಪಾ, ಸತ್ತೋಗೈತೆ. ಒಸಿ ತಾಳಿ" ಎಂದಳು ಅವ್ವ. ಮುಡಿಪು ಬಿಚ್ಚಿಸಿಕೊಂಡು ನಾಣ್ಯ ಹಾಕಿದಳು. ಕೀಲಿ ತಿರುಗಿಸಿದೆ, ಹೊರಟಿತು. ರೈತರು ಅವ್ವನಿಗೆ ಕೈಮುಗಿದರು. ನನಗೆ ಮೈಯೆಲ್ಲ ಉರಿಯಿತು.

ರಾಮನಗರದಲ್ಲಿ ತಟ್ಟೆ ಇಡ್ಲಿ ತಿಂದು ಒಬ್ಬ ಎಲೆಕ್ಟ್ರಿಷಿಯನ್ನಿಗೆ ಕೀಲಿ ಕೊಟ್ಟೆ. ಕೊಡುವ ಮುಂಚೆ ಅವ್ವ ಮುಡಿಪನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಮುಡಿಪಿಗೆ ಕಂಡವರ ಕೈ ತಾಗಬಾರದು. ಆತ ಫ್ಯೂಸುಗಳನ್ನೆಲ್ಲ ಕಿತ್ತು ನೋಡಿ, ಕಾರನ್ನು ಊರಿಡೀ ಸುತ್ತಿಸಿ ತಂದ. ಒಮ್ಮೆಯೂ ಕೆಮ್ಮಲಿಲ್ಲ. "ಏನೂ ಇಲ್ಲ ಕಣಕ್ಕಾ, ಗಾಡಿ ಜಿಂಕೆ ಇದ್ದಂಗೈತೆ" ಎಂದ. ಚನ್ನಪಟ್ಟಣದಲ್ಲೂ ಅದೇ ಕತೆ. ಅಲ್ಲಿನವನು ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಅರ್ತ್ ವೈರು ಹೊಸದು ಹಾಕಿ ಹೆದ್ದಾರಿಯಲ್ಲಿ ಓಡಿಸಿ ನೋಡಿದ. ಅವನ ಕೈಯಲ್ಲೂ ಜಿಂಕೆಯೇ. ಮುಡಿಪನ್ನು ಮತ್ತೆ ನೇತುಹಾಕಿ ಸಾತನೂರಿನ ದಾರಿ ಹಿಡಿದು ಐದಾರು ಮೈಲಿ ಹೋಗುವಷ್ಟರಲ್ಲಿ ಹಳ್ಳವೊಂದರಲ್ಲಿ ಕುಲುಕಿ ಮತ್ತೆ ಸತ್ತಿತು. ಬಿಸಿಲು ಏರಿತ್ತು. ಹಿಂದಿದ್ದ ರೇಷ್ಮೆಗೂಡಿನ ವ್ಯಾನಿನವನು ಹಾರ್ನು ಒತ್ತಿದ್ದೇ ಒತ್ತಿದ್ದು. ಅವ್ವ ನಾಣ್ಯ ಹುಡುಕುತ್ತಿದ್ದಳು. ಗೌರಿ ಹಿಂದಿನ ಸೀಟಿನಲ್ಲಿ ನೋವು ತಿನ್ನುತ್ತ ಮಲಗಿರುವಾಗ ಹೀಗೇ ನಿಂತರೆ? "ಸಾಕು ನಿಲ್ಸವ್ವಾ ನಿನ್ ಕಾಸು!" ಎಂದು ರೇಗಿದೆ. ಅವ್ವ ನಾಣ್ಯ ಹಾಕಿ ಗಂಟು ಬಿಗಿದಳು. ಕಾರು ಹೊರಟಿತು.

ಕನಕಪುರದಲ್ಲಿ ಬಸವಣ್ಣ ಎಂಬ ಎಲೆಕ್ಟ್ರಿಷಿಯನ್ ಸಿಕ್ಕರು. ನಾನು ನಡೆದದ್ದನ್ನೆಲ್ಲ ಹೇಳಿ ಕಾಟಾಚಾರಕ್ಕೆ ಕೀಲಿ ನೀಡಿದೆ. ಅವರು ತೆಗೆದುಕೊಳ್ಳಲಿಲ್ಲ.

"ನನ್ನಂತೋರ್ ಕೈಲಿ ನಿಲ್ಲಾಕಿಲ್ಲ ಅಂತ ನೀವೇ ಏಳ್ತಿದ್ದೀರಿ. ದಾರೀಲಿ ಎಂಗ್ ಬಂದ್ರೋ ಅಂಗೇ ನೀವಿಬ್ರೂ ಕುಂತ್ಕಳಿ, ನಾನ್ ಹಿಂದ್ಗಡೆ ಕುಂತ್ಕತೀನಿ."

ಕೀಲಿ ಪರರ ಕೈಗೆ ಹೋಗುವುದಿಲ್ಲ ಎಂದಾದ ಮೇಲೆ ಅವ್ವ ಬಿಚ್ಚಿಟ್ಟುಕೊಂಡಿದ್ದ ಮುಡಿಪನ್ನು ವಾಪಸು ಕೊಟ್ಟಳು. ನೇತುಹಾಕಿ ಹೊರಟೆ. ಮೊದಲ ಹಂಪು ದಾಟಿತು. ಎರಡನೆಯದರ ಮೇಲೆ ಮುಡಿಪು ಗಡಿಯಾರದ ಲೋಲಕದಂತೆ ತೂಗಿ ಕೀಲಿಯನ್ನು ಕೆಳಗೆ ಜಗ್ಗಿತು, ಅದೇ ಗಳಿಗೆಗೆ ನನ್ನ ಕಣ್ಣೆದುರಿನ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಆರಿದವು. ಕಾರು ಇನ್ನೂ ಉರುಳುತ್ತಿತ್ತು. ನಾನು ಅಂಗೈಯನ್ನು ಮುಡಿಪಿನ ಕೆಳಗೆ ಹಿಡಿದು ಎತ್ತಿದೆ. ದೀಪ ಬಂತು. ಬಿಟ್ಟೆ, ಹೋಯಿತು. ಎತ್ತಿದೆ, ಬಂತು.

ಬಸವಣ್ಣ ಹಿಂದಿನಿಂದ ಬಗ್ಗಿ ನೋಡಿದರು. "ಆ ಗಂಟು ತೆಗ್ದು ಓಡ್ಸಿ." ಬಿಚ್ಚಿ ಅವ್ವನ ಮಡಿಲಿಗೆ ಹಾಕಿ ಓಡಿಸಿದೆ. ಬೇಕೆಂದೇ ಹಳ್ಳಕ್ಕೆ ಇಳಿಸಿದೆ, ಹಂಪಿನ ಮೇಲೆ ಹಾರಿಸಿದೆ. ಜಿಂಕೆ!

ಅವ್ವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮುಡಿಪನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಕೂತಿದ್ದಳು. "ಅಂಗಾರೆ ನಿಲ್ಲಿಸ್ತಿದ್ದೋಳು ನಾನೇಯಾ? ಒಂದೊಂದ್ ಕಾಸು ಹಾಕ್ದಾಗ್ಲೂ ಇನ್ನೊಂದ್ ಕಿತ ನಿಲ್ಲಂಗೆ ಮಾಡ್ತಿದ್ನಾ?"

"ಅಂಗಲ್ಲ ಕಣಜ್ಜಿ" ಎಂದರು ಬಸವಣ್ಣ. "ಕೀಲಿ ಹಾಕೋ ಸ್ವಿಚ್ಚು ಒಳಗಡೆ ಸವ್ದೋಗೈತೆ, ಜಗ್ಗಿದ್ರೆ ಕರೆಂಟು ಬಿಡ್ತೈತೆ. ಹೊಸದಾಗಿದ್ರೆ ಇದರಷ್ಟು ಭಾರ ತಡ್ಕತಿತ್ತು. ಬದಲಾಯಿಸ್ಕೊಡ್ತೀನಿ. ದೇವರ ಗಂಟು ಮಾತ್ರ ನಿಮ್ ತಾವೇ ಇರ್ಲಿ."

ಅದು ನಿಜವೇ ಆಗಿತ್ತು. ಆದರೂ ಅವ್ವನ ಮುಖ ಬಾಡಿಯೇ ಇತ್ತು. ರೇಗಿದ್ದು ನೆನಪಾಗಿ ಅವಳ ಕೈ ಹಿಡಿದುಕೊಂಡೆ, ಕ್ಷಮೆ ಕೇಳುವುದು ನಮ್ಮ ಮನೆಯಲ್ಲಿ ರೂಢಿಯಿಲ್ಲ. ಹೊಸ ಸ್ವಿಚ್ಚು ಹಾಕಿಸಿಕೊಂಡು ಉಯ್ಯಂಬಳ್ಳಿ ಸೇರಿದೆವು. ಮುದ್ದೆ, ಅವರೆಕಾಳಿನ ಸಾರು ಬಡಿಸಿದರೂ ಅವ್ವ ಅರ್ಧ ಮುದ್ದೆಗೇ ಎದ್ದಳು. ಪಾದ ಊದಿಸಿಕೊಂಡು ಕೂತಿದ್ದ ಗೌರಿ, "ಕಾರು ಸರಿಹೋಯ್ತೇನಕ್ಕಾ?" ಎಂದು ಕೇಳಿದಳು. "ಹೋಯ್ತು" ಎಂದೆ. ಬಾಯಿ ಹೇಳಿತೇ ಹೊರತು ನನ್ನ ಎದೆ ಪೂರ್ತಿ ನಂಬಿರಲಿಲ್ಲ.

ಭಾನುವಾರ ಗೌರಿಯನ್ನು ಹಿಂದಿನ ಸೀಟಿನಲ್ಲಿ ಎಡಮಗ್ಗುಲಿಗೆ ಮಲಗಿಸಿದೆವು, ಅವಳ ತಲೆಯನ್ನು ಅವ್ವ ತೊಡೆಯ ಮೇಲಿಟ್ಟುಕೊಂಡಳು. ಮುಡಿಪು ಅವ್ವನ ಸೊಂಟದಲ್ಲಿತ್ತು. ಕನಕಪುರ ದಾಟಿತು, ರಾಮನಗರ ದಾಟಿತು. ಪ್ರತಿ ಹಂಪಿಗೂ ನಾವು ಮೂವರೂ ಉಸಿರು ಬಿಗಿಹಿಡಿಯುತ್ತಿದ್ದೆವು. ಮಾಗಡಿ ದಾರಿಯಲ್ಲಿ ಅದೇ ಹಳ್ಳಿ, ಅದೇ ಉಬ್ಬು, ಅದೇ ರಾಗಿ. ಮೊರದ ರೈತರು ನಮ್ಮ ಕಾರಿನ ಗುರುತು ಹಿಡಿದು ಪಕ್ಕಕ್ಕೆ ನಿಂತರು. "ಇವತ್ತೂ ಕೂರ್ತೀರಾ ಅಕ್ಕಾ?" ಎಂದು ಕೂಗಿದರು.

ಕಾರು ಉಬ್ಬು ಹತ್ತಿ ಇಳಿಯಿತು. ದೀಪ ಹಾಗೇ ಇತ್ತು. ರಾಗಿ ತೆನೆ ಚಕ್ರದಡಿ ಚರಚರನೆ ಸದ್ದು ಮಾಡಿತು, ನಾವು ಆಚೆ ಬಂದೆವು.

ಕನ್ನಡಿಯಲ್ಲಿ ನೋಡಿದೆ. ಅವ್ವ ಸೊಂಟದಿಂದ ಮುಡಿಪು ತೆಗೆದು ಗಂಟು ಸಡಿಲಿಸುತ್ತಿದ್ದಳು. ಇನ್ನೊಂದು ಕೈಯಲ್ಲಿ ನಾಣ್ಯವಿತ್ತು.

"ಈಗ್ಯಾಕವ್ವಾ? ನಿಲ್ಲಲೇ ಇಲ್ವಲ್ಲ" ಎಂದೆ.

"ನಿಂತಾಗೆಲ್ಲ ಹಾಕ್ದೆ" ಎಂದಳು ಅವ್ವ. "ನಿಲ್ದೇ ಬಂದದ್ದಕ್ಕೆ ಹಾಕ್ಬೇಡ್ವೇನೇ?"

ಗೌರಿ ಮಲಗಿದಲ್ಲೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅವ್ವ ಕಾಸು ಹಾಕಿ, ಗಂಟು ಬಿಗಿದು, ಮುಡಿಪನ್ನು ಮಗಳ ಹೊಟ್ಟೆಗೆ ಒತ್ತಿ ಹಿಡಿದಳು. ಮನೆ ತಲುಪುವವರೆಗೂ ತೆಗೆಯಲಿಲ್ಲ.