ದೇವಿ ಹಾಕುವವರ ದೊಡ್ಡ ಮಗಳು

ಅಪ್ಪ ಹುಬ್ಬಳ್ಳಿ ಸುತ್ತಲಿನ ಹಳ್ಳಿಗಳಿಗೆ ಸೈಕಲ್ ಮೇಲೆ ಹೋಗಿ ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುತ್ತಿದ್ದರು. ಅದಕ್ಕೆ ನಮ್ಮ ಕಡೆ ದೇವಿ ಹಾಕುವುದು ಎನ್ನುತ್ತಿದ್ದರು. ಊರೂರಲ್ಲಿ ಅಪ್ಪನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ದೇವಿ ಹಾಕುವವರು ಎಂದರೆ ಸಾಕಿತ್ತು. ಅವರ ಖಾಕಿ ಚೀಲದಲ್ಲಿ ಲಸಿಕೆಯ ಗಾಜಿನ ನಳಿಗೆಗಳು, ಒಂದು ಸ್ಪಿರಿಟ್ ದೀಪ, ಚಿಕ್ಕ ಹಲ್ಲುಗಳಿದ್ದ ದುಂಡನೆಯ ಬಿಲ್ಲೆ ಇರುತ್ತಿದ್ದವು. ಆ ಬಿಲ್ಲೆಯನ್ನು ತೋಳಿನ ಮೇಲೆ ಒತ್ತಿ ತಿರುವಿದರೆ ಮಗು ಚೀರುತ್ತಿತ್ತು. ವಾರದ ಮೇಲೆ ಅದೇ ಊರಿಗೆ ಮತ್ತೆ ಹೋಗಿ ಗುಳ್ಳೆ ಎದ್ದಿದೆಯೋ ಇಲ್ಲವೋ ನೋಡಿ ಬರೆದುಕೊಳ್ಳಬೇಕು. ಎದ್ದಿರದಿದ್ದರೆ ಮತ್ತೆ ಹಾಕಬೇಕು.

ತಾಯಂದಿರಿಗೆ ಈ ಬಿಲ್ಲೆಯೆಂದರೆ ಭಯ. ಅಪ್ಪನ ಸೈಕಲ್ ಊರ ಅಗಸಿ ಬಾಗಿಲು ದಾಟುವುದರೊಳಗೆ ಕೂಸುಗಳು ಹಿತ್ತಲಿಗೆ, ದನದ ಕೊಟ್ಟಿಗೆಗೆ, ಪಕ್ಕದ ಊರಿನ ತವರುಮನೆಗೆ ಸಾಗಿರುತ್ತಿದ್ದವು. ಅದಕ್ಕೇ ಸಾಲಿ ಸೂಟಿ ಇದ್ದಾಗ ಅಪ್ಪ ಅಕ್ಕನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದರು. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮಾತಿನಲ್ಲಿ ಹಿಂದೆಬೀಳುವವಳಲ್ಲ. ಕಟ್ಟೆಯ ಮೇಲೆ ಹೆಂಗಸರ ನಡುವೆ ಕುಳಿತು, ಪೋಲಕದ ತೋಳು ಮೇಲೇರಿಸಿ, ತನ್ನ ಲಸಿಕೆಯ ಕಲೆಗಳನ್ನು ತೋರಿಸುತ್ತಿದ್ದಳಂತೆ. "ನಮ್ಮಪ್ಪ ನನಗs ಮೊದಲ ಹಾಕ್ಯಾನ ನೋಡ್ರಿ. ನನಗೇನಾಗೇತಿ?" ಎಂದು ಕೇಳಿದರೆ ಹೆಂಗಸರು ಅವಳ ಗಲ್ಲ ಸವರಿ, ಒಳಗೆ ಹೋಗಿ ಕೂಸುಗಳನ್ನು ಎತ್ತಿಕೊಂಡು ಬರುತ್ತಿದ್ದರು. ಅಪ್ಪ ಮನೆಗೆ ಬಂದು ಅವ್ವನ ಮುಂದೆ, "ನನ್ನ ಅರ್ಧಾ ಕೆಲಸಾ ಇಕೀನ ಮಾಡ್ತಾಳ" ಎನ್ನುತ್ತಿದ್ದರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಅಕ್ಕನಿಗೆ ಆಗ ಹದಿನೈದು. ದಸರೆಯ ಹೊತ್ತಿಗೆ ಅವಳು ಮುಟ್ಟಾದಾಗ ಅದು ಐದಾರು ದಿನಕ್ಕೆ ನಿಲ್ಲಲಿಲ್ಲ. ಹತ್ತು ದಿನ, ಹನ್ನೆರಡು ದಿನ ಹೋಯಿತು. ನಾಲ್ಕು ದಿನ ನಿಂತು ಮತ್ತೆ ಶುರುವಾಯಿತು. ಬಚ್ಚಲಲ್ಲಿ ಅವಳ ಬಟ್ಟೆ ಒಗೆಯಲು ನೀರು ಸುರಿಯುತ್ತಿದ್ದವಳು ನಾನು. ನೀರು ಎಷ್ಟು ಸುರಿದರೂ ತಿಳಿಯಾಗುತ್ತಿರಲಿಲ್ಲ. ಅವ್ವನಿಗೆ ಹೇಳಿದೆ.

"ಹೆಣ್ಮಕ್ಕಳ ಅಂದಮ್ಯಾಲೆ ಇವೆಲ್ಲಾ ಇರೂವs," ಎಂದಳು ಅವ್ವ. "ನಿಮ್ಮಪ್ಪನ ಮುಂದ ಬಾಯಿ ಬಿಟ್ಟೀದಿ, ನೋಡ ಮತ್ತ."

ಅವ್ವ ಕೆಟ್ಟವಳಲ್ಲ. ಲಗ್ನದ ವಯಸ್ಸಿಗೆ ಬರುತ್ತಿದ್ದ ಮಗಳು, ಇಂಥ ಮಾತು ಹೊರಗೆ ಹೋದರೆ ಮುಂದೆ ಹೇಗೆ ಎಂಬ ಅಂಜಿಕೆ ಅವಳಿಗೆ. ಮೆಂತೆ ನೆನೆಸಿ ಕುಡಿಸಿದಳು, ಅಜ್ಜಿ ಹೇಳಿದ ಕಷಾಯ ಮಾಡಿಕೊಟ್ಟಳು. ಅಕ್ಕ ಬಿಳಿಚಿಕೊಳ್ಳುತ್ತ ಬಂದಳು. ಸಾಲಿಯ ಮೆಟ್ಟಿಲ ಮೇಲೆ ಕುಳಿತುಬಿಡುತ್ತಿದ್ದಳು. ಮೊಣಕಾಲ ಕೆಳಗೆ ಹೊಡೆತವಿಲ್ಲದೆ ನೀಲಿ ಮಚ್ಚೆಗಳು ಎದ್ದವು. ಹೀಗೆ ಎರಡು ತಿಂಗಳು ಕಳೆದವು. ನಾನು ಅಪ್ಪನಿಗೆ ಹೇಳಲಿಲ್ಲ. ಪ್ರತಿ ಸಂಜೆ ಅವರ ಸೈಕಲ್ ಹಿಡಿದು ಒಳಗೆ ತರುತ್ತಿದ್ದೆ, ಅವರ ಕೈಗೆ ನೀರು ಹಾಕುತ್ತಿದ್ದೆ, ಆದರೂ ಹೇಳಲಿಲ್ಲ.

ಒಂದು ಮುಂಜಾನೆ ಹಲ್ಲುಜ್ಜುವಾಗ ಅಕ್ಕನ ಒಸಡಿನಿಂದ ರಕ್ತ ಬಂತು. ಮಧ್ಯಾಹ್ನವಾದರೂ ನಿಲ್ಲಲಿಲ್ಲ. ಇದು ಬಾಯಿಯ ರಕ್ತ, ಅಪ್ಪನಿಗೆ ತೋರಿಸಬಹುದಾದ ರಕ್ತ. ಅಪ್ಪ ಟಾಂಗಾ ಮಾಡಿ ಅವಳನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅವ್ವನೂ ನಾನೂ ಹೋದೆವು. ಡಾಕ್ಟರು ಅವಳ ಕಣ್ಣುರೆಪ್ಪೆ ಕೆಳಗೆಳೆದು ನೋಡಿದರು, ಕಾಲಿನ ಮಚ್ಚೆಗಳನ್ನು ನೋಡಿದರು, ಹೊಟ್ಟೆ ಒತ್ತಿದರು.

"ಎಷ್ಟ ದಿವಸ ಆತು ಹಿಂಗಾಗಿ?" ಎಂದು ಕೇಳಿದರು.

"ಇವತ್ತs ರೀ," ಎಂದರು ಅಪ್ಪ.

ಅವ್ವ ನೆಲ ನೋಡುತ್ತಿದ್ದಳು. ಅಕ್ಕನೇ ಬಾಯಿ ತೆರೆದಳು. "ಎರಡ ತಿಂಗಳಾತ್ರಿ," ಎಂದು ಎಲ್ಲವನ್ನೂ ಹೇಳಿದಳು, ಹಳ್ಳಿಯ ಕಟ್ಟೆಯ ಮೇಲೆ ಮಾತಾಡುತ್ತಿದ್ದಷ್ಟೇ ಸ್ಪಷ್ಟವಾಗಿ. ಅಪ್ಪ ಅವ್ವನ ಕಡೆ ತಿರುಗಿ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಬೈಯಲಿಲ್ಲ.

ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ರಕ್ತದ ಕ್ಯಾನ್ಸರ್ ಎಂದರು. ಇಲ್ಲಿ ಇದಕ್ಕೆ ಮದ್ದಿಲ್ಲ, ಮುಂಬೈಯಲ್ಲಿ ಹೊಸ ಔಷಧಗಳನ್ನು ಕೊಟ್ಟು ನೋಡುತ್ತಿದ್ದಾರೆ, ಹೋಗುವುದಾದರೆ ಲಗೂ ಹೋಗಿರಿ ಎಂದು ಚೀಟಿ ಬರೆದುಕೊಟ್ಟರು. ಅಪ್ಪ ರಜೆ ಹಾಕಿದರು. ಪುಣೆಯವರೆಗೆ ಸಣ್ಣ ಹಳಿಯ ರೈಲು, ಅಲ್ಲಿಂದ ದೊಡ್ಡ ಹಳಿಯದು. ಅಪ್ಪ, ಅವ್ವ, ಅಕ್ಕ ಮೂವರೂ ಹೋದರು. ನಾನು ಅಜ್ಜಿಯ ಜೊತೆ ಹುಬ್ಬಳ್ಳಿಯಲ್ಲಿ ಉಳಿದೆ. ಅಜ್ಜಿ ದಿನವೂ ನಸುಕಿನಲ್ಲಿ ಮಠಕ್ಕೆ ಹೋಗಿ ಬಂದು ನನ್ನ ಹಣೆಗೇ ಅಂಗಾರ ಹಚ್ಚುತ್ತಿದ್ದಳು. ಅಕ್ಕನ ಹಣೆ ಅಲ್ಲಿರಲಿಲ್ಲವಲ್ಲ.

ಮುಂಬೈಯಲ್ಲಿ ಏನಾಯಿತೆಂದು ಆಮೇಲೆ ಅಕ್ಕನೇ ಹೇಳಿದಳು. ಎದೆಯ ನಡುವಿನ ಎಲುಬಿಗೆ ದಪ್ಪ ಸೂಜಿ ಹಾಕಿ ಒಳಗಿನದನ್ನು ತೆಗೆದು ನೋಡುತ್ತಿದ್ದರಂತೆ. ಅವಳ ಪಕ್ಕದ ಮಂಚಗಳಲ್ಲಿ ಎಲ್ಲ ಮಕ್ಕಳೇ. ಮರಾಠಿ, ಗುಜರಾತಿ ಮಾತಾಡುವ ಮಕ್ಕಳು. ಅಲ್ಲಿಯ ಡಾಕ್ಟರು ಅಪ್ಪನನ್ನು ಕೂರಿಸಿಕೊಂಡು ಮರಾಠಿಯಲ್ಲಿ ಬಿಡಿಸಿ ಹೇಳಿದ್ದರು. ಔಷಧ ಹೊಸದು. ಕೆಲವು ಮಕ್ಕಳಿಗೆ ಹತ್ತುತ್ತದೆ, ಕೆಲವರಿಗೆ ಹತ್ತುವುದಿಲ್ಲ. ಹತ್ತಿದರೂ ಕಾಯಿಲೆ ತಿರುಗಿ ಬರುತ್ತದೆ, ಎಷ್ಟು ದಿನಕ್ಕೆ ಎಂದು ನಮಗೇ ಗೊತ್ತಿಲ್ಲ. ಪ್ರತಿಯೊಬ್ಬರದನ್ನೂ ಬರೆದಿಟ್ಟುಕೊಳ್ಳುತ್ತಿದ್ದೇವೆ, ಮುಂದೆ ಬರುವ ಮಕ್ಕಳಿಗಾದರೂ ಉಪಯೋಗವಾದೀತು. ಒಪ್ಪಿಗೆಯಿದ್ದರೆ ಸಹಿ ಹಾಕಿ. ಅಪ್ಪ ಸಹಿ ಹಾಕಿದರು.

ಅಕ್ಕ ಅಪ್ಪನನ್ನು ಕೇಳಿದ್ದಳು. "ಅಪ್ಪಾ, ನನ್ನ ಮ್ಯಾಲೆ ಪ್ರಯೋಗ ಮಾಡಾಕತ್ತಾರೇನ?"

"ಹೂಂನವಾ."

"ಬಿಡ, ಸಾಲಿ ಪರೀಕ್ಷಾ ತಪ್ಪಿದ್ದಕ್ಕ ಇದಾದ್ರೂ ಆತು."

ಔಷಧ ಹತ್ತಿತು. ಮೊದಲು ಬಾಯಿ ತುಂಬ ಹುಣ್ಣಾಗಿ ಗಂಜಿಯೂ ಇಳಿಯದಂತಾಯಿತು, ಆಮೇಲೆ ಒಮ್ಮೆಲೇ ಹಸಿವು. ಯುಗಾದಿಯ ಮುಂದೆ ಅವರು ತಿರುಗಿ ಬಂದಾಗ ಸ್ಟೇಷನ್ನಿನಲ್ಲಿ ನಾನು ಅಕ್ಕನ ಗುರುತು ಹಿಡಿಯಲಿಲ್ಲ. ಮುಖ ಊದಿ ದುಂಡಗಾಗಿತ್ತು. ಅದು ಗುಳಿಗೆಯ ಊತ ಎಂದು ನಮಗೆ ಗೊತ್ತು, ಓಣಿಯವರಿಗೆ ಗೊತ್ತಿಲ್ಲ. "ಮುಂಬೈ ನೀರ ಹತ್ತೇತಿ ನೋಡ ಹುಡುಗಿಗೆ, ಮಾರಿಗೆ ಏನ ಕಳಾ ಬಂದೈತಿ" ಎಂದು ಬಂದು ಬಂದು ಹೇಳಿ ಹೋದರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ಆ ನಾಲ್ಕು ತಿಂಗಳು ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಅಕ್ಕ ನನಗೆ ಬೀಜಗಣಿತ ಹೇಳಿಕೊಟ್ಟಳು. ಬರುವ ವರ್ಷದ ಪರೀಕ್ಷೆಗೆಂದು ಗೆಳತಿಯ ಪುಸ್ತಕಗಳನ್ನು ತಂದಿಟ್ಟುಕೊಂಡಳು. ಅಪ್ಪ ದಿನಾಲೂ ಬೆಳಗ್ಗೆ ಅವಳ ಕೈಕಾಲು ತಿರುಗಿಸಿ ನೋಡುತ್ತಿದ್ದರು, ಹಳ್ಳಿಯ ಮಕ್ಕಳ ತೋಳು ನೋಡುವ ಹಾಗೆ. ಶ್ರಾವಣದ ಎರಡನೆಯ ಸೋಮವಾರ ಅವಳ ಮೊಣಕೈಯ ಹತ್ತಿರ ಅಂಗೈಯಗಲದ ನೀಲಿ ಮಚ್ಚೆ ಕಂಡಿತು. ಅಪ್ಪ ಅದನ್ನು ನೋಡಿ ಅವಳ ತೋಳು ಇಳಿಬಿಟ್ಟರು.

ಮತ್ತೆ ಮುಂಬೈಗೆ ಹೋಗಲು ಆಗಲಿಲ್ಲ. ಮಲಗಿದಲ್ಲಿಂದ ಎತ್ತಿದರೆ ಮೂಗಿನಲ್ಲಿ ರಕ್ತ ಬರುತ್ತಿತ್ತು. ಗುಳಿಗೆಗಳನ್ನು ಕೊಡುತ್ತಲೇ ಇದ್ದೆವು, ಅವು ಈಗ ಹತ್ತಲಿಲ್ಲ. ಗಣೇಶ ಚೌತಿಯ ಮರುದಿನ ಮಧ್ಯಾಹ್ನ, ಓಣಿಯ ಮಕ್ಕಳೆಲ್ಲ ಗಣಪತಿ ನೋಡಲು ಹೋಗಿದ್ದಾಗ, ಅವ್ವನ ತೊಡೆಯ ಮೇಲೆ ಅಕ್ಕ ಜೀವ ಬಿಟ್ಟಳು. ನಾನು ಅವಳ ಪಾದ ಹಿಡಿದುಕೊಂಡಿದ್ದೆ. ಅವು ಎಷ್ಟೋ ಹೊತ್ತಿನಿಂದ ತಣ್ಣಗಿದ್ದವು, ಹಾಗಾಗಿ ಯಾವಾಗ ಹೋದಳೆಂದು ನನಗೆ ತಿಳಿಯಲಿಲ್ಲ.

ದಸರೆಯ ಹೊತ್ತಿಗೆ ಮುಂಬೈಯ ಆಸ್ಪತ್ರೆಯಿಂದ ಒಂದು ಅಚ್ಚಿನ ಕಾರ್ಡು ಬಂತು. ರೋಗಿ ಹೇಗಿದ್ದಾರೆ, ತೂಕವೆಷ್ಟು, ಜ್ವರವಿದೆಯೇ, ಬದುಕಿಲ್ಲದಿದ್ದರೆ ಯಾವ ದಿನ, ಕೊನೆಗೆ ಏನೇನಾಯಿತು. ಅವ್ವ ಅದನ್ನು ಒಲೆಗೆ ಹಾಕಿರಿ ಎಂದಳು. ಅಪ್ಪ ಪಡಸಾಲೆಯಲ್ಲಿ ಚಾಪೆಯ ಮೇಲೆ ಕುಳಿತು ಒಂದೊಂದೇ ಪ್ರಶ್ನೆಗೆ ಉತ್ತರ ಬರೆದರು. ಜಾಗ ಸಾಲದೆ ಬೇರೆ ಹಾಳೆ ಹಚ್ಚಿದರು. ಶುರುವಿನ ಎರಡು ತಿಂಗಳು ನಾವು ಮುಚ್ಚಿಟ್ಟದ್ದನ್ನೂ ಬರೆದರು.

"ಅದನ್ಯಾಕ ಬರದ್ರಿ?" ಎಂದು ಅವ್ವ ಕೇಳಿದಳು. "ಸತ್ತಾಕಿ ಮಾನಾ ಮುಂಬೈತನಾ ಕಳೀಬೇಕಾ?"

"ಅವರು ಎಲ್ಲಾರದೂ ಬರ್ಕೊಂತಾರ. ನಾ ಸುಳ್ಳ ಬರದ್ರ ಇನ್ನೊಬ್ಬರ ಹುಡುಗಿಗೆ ಮುಳುವಾಗ್ತದ."

"ನಾನs ಕೊಂದೆ ಅಂತ ಬರದ್ರಿ ಹಂಗಾರ."

ಅಪ್ಪ ಕಾರ್ಡನ್ನು ಹಾಳೆಯ ಜೊತೆ ಲಕೋಟೆಗೆ ಹಾಕಿದರು. ಎರಡು ತಿಂಗಳು ಮುಂಚೆ ಬಂದಿದ್ದರೂ ಮುಗಿಯುವುದು ಹೀಗೇ ಎಂದು ಮುಂಬೈಯ ಡಾಕ್ಟರು ಅಪ್ಪನೊಬ್ಬರಿಗೇ ಹೇಳಿದ್ದುಂಟು. ಅದನ್ನು ಆಗ ಅವ್ವನಿಗೆ ಹೇಳಬಹುದಿತ್ತು. ಅವರು ಹೇಳಲಿಲ್ಲ. ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನನಗೆ ಅದು ಗೊತ್ತಾಗುವ ಹೊತ್ತಿಗೆ ಅವ್ವ ಇರಲಿಲ್ಲ.

ದೀಪಾವಳಿ ಸೂಟಿಯಲ್ಲಿ ಅಪ್ಪ ನನ್ನನ್ನು ಕರೆದರು. "ಬರ್ತೀಯೇನವಾ?" ಎಂದಷ್ಟೇ ಕೇಳಿದರು. ನಾನು ಸೈಕಲ್ಲಿನ ಹಿಂದೆ ಕುಳಿತೆ. ಸುಳ್ಳ ಎಂಬ ಊರಿನ ದಾರಿಯಲ್ಲಿ ಹೋಗಿ, ಅದಕ್ಕೂ ಆಚೆಯ ಒಂದು ಹಳ್ಳಿ. ಎರಡೂ ಕಡೆ ಹತ್ತಿ ಹೊಲ. ನನಗೆ ಅಕ್ಕನ ಹಾಗೆ ಮಾತು ಬಾರದು. ಕಟ್ಟೆಯ ಮೇಲೆ ತೋಳು ತೋರಿಸಿ ಸುಮ್ಮನೆ ಕುಳಿತೆ. ನಾಲ್ಕಾರು ಮನೆಯವರು ಮಕ್ಕಳನ್ನು ತಂದರು. ಕೊನೆಯ ಮನೆಯಲ್ಲಿ ವರ್ಷದೊಳಗಿನ ಗಂಡುಕೂಸು ತೊಟ್ಟಿಲಲ್ಲಿತ್ತು. ಮೂರು ಹೆತ್ತು ಕಳೆದುಕೊಂಡ ಮೇಲೆ ಉಳಿದದ್ದಂತೆ. ತಾಯಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು.

"ದೊಡ್ಡಾಕಿ ಎಲ್ಲದಾಳ್ರಿ? ಹ್ವಾದ ವರ್ಷ ಬಂದಾಕಿ?"

ಅಪ್ಪ ಸುಳ್ಳು ಹೇಳಬಹುದಿತ್ತು. ಮನೆಯಲ್ಲಿದ್ದಾಳೆ, ಓದುತ್ತಿದ್ದಾಳೆ ಎನ್ನಬಹುದಿತ್ತು.

"ತೀರಕೊಂಡ್ಲು, ತಂಗಿ."

"ಅಯ್ಯ ಶಿವನ. ಏನಾಗಿತ್ರಿ?"

"ರಕ್ತದ ಬ್ಯಾನಿ. ದೇವಿ ಹಾಕಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ."

ಅವಳು ತೊಟ್ಟಿಲ ಕಡೆ ತಿರುಗಿ ನೋಡಿದಳು. ಕಣ್ಣಲ್ಲಿ ನೀರು ಬಂದಿತ್ತು. ಜಗಳದ ದನಿಯೇ ಅಲ್ಲ ಅವಳದು, ಬೇಡಿಕೊಳ್ಳುವ ದನಿ. "ನಿಮ್ಮ ಕೂಸಿನ್ನs ನಿಮಗ ಉಳಿಸ್ಕೊಳ್ಳಾಕ ಆಗ್ಲಿಲ್ರಿ ಅಣ್ಣಾರ. ನಂದs ಬಿಟ್ಟಬಿಡ್ರಿ."

ಇಂಥ ಬಾಗಿಲುಗಳಲ್ಲಿ ಅಪ್ಪ ಸೋಲುವವರಲ್ಲ ಎಂದು ಅಕ್ಕ ಹೇಳುತ್ತಿದ್ದಳು. ನೀರು ಕೇಳಿ ಕುಡಿದು, ಬೆಳೆಯ ಮಾತು ತೆಗೆದು, ಹಿರಿಯರನ್ನು ಕರೆಸಿ, ಸಂಜೆಯವರೆಗೂ ಕೂರುತ್ತಿದ್ದರಂತೆ. ಅವತ್ತು ಅಪ್ಪ ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದರು. "ಆತವಾ" ಎಂದರು. ನಾವು ಹೊರಟೆವು. ದಾರಿಯಲ್ಲಿ ನಾನು, ಆ ಕೂಸಿಗೆ ಹಾಕಲಿಲ್ಲವಲ್ಲ ಎಂದು ಕೇಳಬೇಕೆಂದಿದ್ದೆ. ಮುಂದೆ ಕುಳಿತ ಅವರ ಬೆನ್ನು ನೋಡಿ ಕೇಳಲಿಲ್ಲ.

ಹೋಳಿಹುಣ್ಣಿಮೆ ಆದ ಮೇಲೆ ಬಿಸಿಲಿನ ಜೊತೆ ಸಿಡುಬು ಬಂತು. ಆ ಹಳ್ಳಿಗೂ ಬಂತು. ಸುದ್ದಿ ತಿಳಿದ ದಿನವೇ ಅಪ್ಪ ಹೋದರು, ಒಬ್ಬರೇ. ಆ ಮನೆಯ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿತ್ತಂತೆ. ಕೂಸು ಹಿಂದಿನ ದಿನವೇ ಸತ್ತಿತ್ತು. ಅಪ್ಪ ಹಾಕಿದ ಉಳಿದ ಮನೆಗಳ ಮಕ್ಕಳಿಗೆ ಏನೂ ಆಗಿರಲಿಲ್ಲ, ಅವು ಓಣಿಯಲ್ಲಿ ಆಡುತ್ತಿದ್ದವು. ತಾಯಿ ಹೊರಗೆ ಬರಲಿಲ್ಲ. ಒಳಗಿನಿಂದಲೇ, "ಯಾರ ಅವರು?" ಎಂದು ಕೇಳಿದಳಂತೆ. ಅಪ್ಪನಿಗೆ ತಾವು ಯಾರೆಂದು ಹೇಳಲು ಆಗಲಿಲ್ಲ. ಹಾಗೇ ನಿಂತು, ಬೇರೆ ಮನೆಗಳಿಗೆ ಹೋಗಿ, ಉಳಿದ ಮಕ್ಕಳಿಗೆ ಹಾಕಿ ಬಂದರು. ಅವತ್ತು ಯಾರೂ ಕೂಸುಗಳನ್ನು ಬಚ್ಚಿಡಲಿಲ್ಲವಂತೆ, ತಾವೇ ತಂದು ತಂದು ಕೊಟ್ಟರಂತೆ.

ಮನೆಗೆ ಬಂದು ಪಡಸಾಲೆಯ ಕಂಬಕ್ಕೆ ಒರಗಿ ಕುಳಿತು ಇದನ್ನೆಲ್ಲ ಅವ್ವನ ಮುಂದೆ ಹೇಳಿದರು. ಕಾರ್ಡಿನ ದಿನದಿಂದ ಅವರಿಬ್ಬರ ನಡುವೆ ಕೆಲಸಕ್ಕೆ ಬೇಕಾದಷ್ಟೇ ಮಾತಿತ್ತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.

"ನಾ ಇನ್ನೊಂದ ಸರ್ತಿ ಕೇಳಬೇಕಾಗಿತ್ತು," ಎಂದರು ಅಪ್ಪ. "ಒಂದs ಸರ್ತಿ. ಅಕಿ ಒಪ್ಪತಿದ್ಲು. ಅಕಿ ಮಾರಿ ನೋಡಿದ್ರ ಗೊತ್ತಾಗತಿತ್ತು."

ಅವ್ವ ಹಿಟ್ಟಿನ ಕೈ ಒರೆಸಿಕೊಂಡು ಬಂದು ಅವರಿಂದ ಮಾರು ದೂರದಲ್ಲಿ ಗೋಡೆಗೆ ಆತು ಕುಳಿತಳು. ಒಲೆಯ ಮೇಲಿನ ರೊಟ್ಟಿ ಹೊತ್ತಿದ ವಾಸನೆ ಬಂದಾಗ ನಾನೇ ಎದ್ದು ಹೋಗಿ ಹಂಚು ಇಳಿಸಿದೆ.

ಮಳೆಗಾಲ ಶುರುವಾಗುವ ಮೊದಲು ಅಪ್ಪ ಅರ್ಜಿ ಹಾಕಿ ಧಾರವಾಡದ ಕಚೇರಿಯಲ್ಲಿ ಕೂತು ಮಾಡುವ ಕೆಲಸಕ್ಕೆ ಬದಲಿ ಮಾಡಿಸಿಕೊಂಡರು. ನಿವೃತ್ತಿಯವರೆಗೂ ಹಳ್ಳಿಗಳಿಂದ ಬಂದ ಕಾಗದಗಳನ್ನು ನಕಲು ಮಾಡಿ ಮೇಲೆ ಕಳಿಸುವುದಷ್ಟೇ ಅವರ ಕೆಲಸವಾಗಿತ್ತು. ಅವರ ಜಾಗಕ್ಕೆ ಬಂದ ಹೊಸಬರು ಚುರುಕಿನವರು ಎಂದು ಜನ ಹೇಳುತ್ತಿದ್ದರು. ಮುಂಬೈಯಿಂದ ಮತ್ತೆ ಕಾರ್ಡು ಬರಲಿಲ್ಲ.