ಬಂದಿಲ್ಲ ಎಂದಷ್ಟೇ ಹೇಳಿದ ಹೆಂಗಸು

ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿದಾಗ ನನಗೆ ನಲವತ್ತು ದಾಟಿತ್ತು. ಮದರಾಸಿನ ಪೆರುಂಗುಡಿಯ ಕಂಪನಿಯೊಂದರಲ್ಲಿ ಬಹಳ ಕಾಲ ದುಡಿದು ಕೆಲಸ ಬಿಟ್ಟಿದ್ದೆ. ಕ್ಲಾಸು ಶುರುವಾಗುವುದಕ್ಕೆ ಇನ್ನೂ ಒಂದೆರಡು ತಿಂಗಳಿತ್ತು. ನನ್ನ ಅರ್ಧ ವಯಸ್ಸಿನ ಹುಡುಗ ಹುಡುಗಿಯರ ನಡುವೆ ಏನೂ ತಿಳಿಯದವಳಂತೆ ಕೂರಬೇಕಾಗುತ್ತದಲ್ಲ ಎಂಬ ಭಯಕ್ಕೆ, ಮೂರ್ ಮಾರ್ಕೆಟ್ಟಿನ ಹಳೇ ಪುಸ್ತಕದಂಗಡಿಗಳಲ್ಲಿ ಹುಡುಕಿ ದಪ್ಪ ದಪ್ಪ ಪುಸ್ತಕಗಳನ್ನು ತಂದುಕೊಂಡೆ. ತಾಂಬರಂನ ನಮ್ಮ ಮನೆಯ ಊಟದ ಮೇಜು ಅವುಗಳಿಂದಲೇ ತುಂಬಿಹೋಯಿತು.

ಹತ್ತನೇ ಕ್ಲಾಸಿನ ಮಗಳು ತಟ್ಟೆ ಇಡಲು ಜಾಗವಿಲ್ಲದೆ ಗೊಣಗಿದಳು. ನಾನು ಕನ್ನಡದಲ್ಲಿ ಏನೇ ಕೇಳಿದರೂ ಅವಳ ಉತ್ತರ ತಮಿಳಿನಲ್ಲೇ. "ಅಮ್ಮಾ, ಇನ್ನುಂ ಕಾಲೇಜೇ ಆರಂಬಿಕ್ಕಲೆ, ಅದುಕ್ಕುಳ್ಳೆ ಪಡಿಪ್ಪಾ?" ಕಾಲೇಜೇ ಶುರುವಾಗಿಲ್ಲ, ಆಗಲೇ ಓದಾ ಎಂದು.

ಸಂದೇಹ ನನಗೂ ಇತ್ತು. ಮೊದಲೇ ಓದಿಕೊಂಡರೆ ಒಳ್ಳೆಯದೋ, ತಪ್ಪಾಗಿ ಓದಿಕೊಂಡು ಆಮೇಲೆ ಮರೆಯಲು ಕಷ್ಟಪಡುವೆನೋ? ಕೇಳಲು ನೆಂಟರಲ್ಲೇ ಒಬ್ಬರಿದ್ದರು, ನನ್ನ ಸೋದರತ್ತೆ. ಮದರಾಸಿನಲ್ಲೇ ಹುಟ್ಟಿ ಬೆಳೆದು, ಸಿವಿಲ್ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತ ತಲೆ ಬೆಳ್ಳಗಾದವರು. ಒಂದು ಭಾನುವಾರ ಬಂದವರು ನನ್ನ ಪುಸ್ತಕ ತೆರೆದು ನೋಡಿ ನಕ್ಕರು.

"ಏನೇ ಇದು, ಹೀಗೆ ಗೆರೆ ಎಳೆದಿದ್ದೀಯ! ನಾಳೇನೇ ಪರೀಕ್ಷೆಯಾ?"

"ಓದೋದು ಬೇಡ್ವಾ ಅತ್ತೆ?"

"ಓದು, ಯಾರು ಬೇಡ ಅಂದ್ರು? ಆನಾ, ಅದಕ್ಕೆ ಮುಂಚೆ ಒಂದ್ಸಲ ಬಂದು ಕೋರ್ಟಲ್ಲಿ ಸುಮ್ಮನೆ ಕೂತ್ಕೋ. ಬುಧವಾರ ನನ್ನ ಕೇಸಿದೆ, ವಾ." ಆದರೆ ಅನ್ನಲು 'ಆನಾ', ಬಾ ಅನ್ನಲು 'ವಾ', ಅತ್ತೆಯ ಕನ್ನಡವೇ ಹಾಗೆ.

ಬುಧವಾರ ಎಲೆಕ್ಟ್ರಿಕ್ ಟ್ರೇನಿನಲ್ಲಿ ಹೋಗಿ ಕೋಟೆ ಸ್ಟೇಷನ್ನಿನಲ್ಲಿ ಇಳಿದೆ. ಕೋರ್ಟಿನ ಆ ಕೆಂಪು ಕಟ್ಟಡಗಳನ್ನು ಬಸ್ಸಿನಿಂದ ಎಷ್ಟು ಸಲ ನೋಡಿದ್ದೆನೋ, ಒಳಗೆ ಕಾಲಿಟ್ಟದ್ದು ಅದೇ ಮೊದಲು. ಅತ್ತೆ ನನ್ನನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ ಮುಂದೆ ಹೋದರು.

ಅವರ ಕಕ್ಷಿದಾರಳು ಪಲ್ಲಾವರಂನ ಒಬ್ಬ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳಿರಬೇಕು. ಶುಕ್ರವಾರದ ಸಂತೆಗೆ ಹೋಗಿ ಬರುತ್ತೇನೆಂದು ಹೊರಟ ಗಂಡ ವಾಪಸು ಬಂದಿರಲಿಲ್ಲ. ಪೊಲೀಸರು ಹುಡುಕಿದ್ದರು, ಬಂಧುಗಳು ಹುಡುಕಿದ್ದರು. ಏಳು ವರ್ಷ ಕಳೆದಿತ್ತು. ಅವನು ಕೆಲಸ ಮಾಡುತ್ತಿದ್ದ ಕಚೇರಿಯಿಂದ ಬರಬೇಕಾದ ಹಣ ಅವಳ ಕೈ ಸೇರಬೇಕಾದರೆ, ಅವನು ತೀರಿಕೊಂಡನೆಂದು ಕೋರ್ಟು ಘೋಷಿಸಬೇಕಿತ್ತು.

ಅವನಿದ್ದ ಕಚೇರಿಯ ಪರ ವಕೀಲರು ಎದ್ದರು. ಒರಟರೇನಲ್ಲ, ತಮ್ಮ ಕೆಲಸ ಮಾಡುತ್ತಿದ್ದರು ಅಷ್ಟೆ. ತಮಿಳಿನಲ್ಲಿ ಕೇಳಿದರು. "ಹಾಗಾದರೆ ನಿಮ್ಮ ಯಜಮಾನರು ಸತ್ತಿದ್ದಾರೆ ಅಂತ ಹೇಳ್ತೀರಾ?"

ಸಾಕ್ಷಿಕಟ್ಟೆಯ ಕಟಾಂಜನವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು ಅವಳು.

"ಅವರ್ ವರಲೆ," ಎಂದಳು. ಅವರು ಬಂದಿಲ್ಲ.

"ಅದಲ್ಲಮ್ಮ. ಸತ್ತಿದ್ದಾರೋ ಇಲ್ಲವೋ?"

"ಅವರ್ ವರಲೆ."

ಟೈಪಿಸ್ಟನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಟ್ಟಿತು. ಹೌದು ಅನ್ನಮ್ಮ, ಒಂದು ಸಲ ಹೌದು ಅಂದುಬಿಡು, ಇಲ್ಲದಿದ್ದರೆ ಕೇಸು ಹೋಯಿತು ಎಂದು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಆದರೆ ಅತ್ತೆ ಕೂತಲ್ಲಿಂದ ಅಲುಗಲೇ ಇಲ್ಲ.

ನ್ಯಾಯಾಧೀಶರು ತಾವೇ ಮುಂದಕ್ಕೆ ಬಾಗಿದರು. ದನಿ ಎತ್ತರಿಸದೆ ಕೇಳಿದರು. "ನಿಮ್ಮವರು ಜೀವಂತ ಇದ್ದಿದ್ದರೆ ಯಾರ ಹತ್ತಿರ ಬರ್ತಿದ್ದರಮ್ಮ?"

ಅವಳು ತಲೆ ಎತ್ತಿದಳು. ಇಂಥದ್ದನ್ನೂ ಕೇಳುತ್ತಾರೆಯೇ ಎಂಬಂತಿತ್ತು ಆ ನೋಟ. "ನನ್ನ ಹತ್ತಿರಾನೇ. ಇನ್ಯಾರ ಹತ್ತಿರ ಹೋಗ್ತಾರೆ?"

"ಬಂದರಾ? ಫೋನು, ಸುದ್ದಿ, ಏನಾದರೂ?"

"ಇಲ್ಲ."

"ಅಷ್ಟು ಸಾಕು," ಎಂದರು ನ್ಯಾಯಾಧೀಶರು. "ಸತ್ತಿದ್ದಾರೆ ಅಂತ ನೀವು ಹೇಳಬೇಕಾಗಿಲ್ಲ. ಅದನ್ನು ನಿಮ್ಮ ಬಾಯಿಂದ ಕಾನೂನು ಕೇಳೋದಿಲ್ಲ."

ಆ ಕಲಂ ಅನ್ನು ನಾನು ಓದಿದ್ದೆ! ಸಾಕ್ಷ್ಯದ ಕಾನೂನಿನಲ್ಲಿ ಎರಡೇ ಸಾಲು. ಒಬ್ಬ ವ್ಯಕ್ತಿ ಬದುಕಿದ್ದರೆ ಸಹಜವಾಗಿ ಯಾರಿಗೆ ಅವನ ಸುದ್ದಿ ತಿಳಿಯಬೇಕಿತ್ತೋ ಅವರಿಗೆ ಏಳು ವರ್ಷ ಏನೂ ತಿಳಿದಿಲ್ಲವಾದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ನಾನು 'ಏಳು ವರ್ಷ' ಎಂಬುದರ ಕೆಳಗೆ ಗೆರೆ ಎಳೆದು ಪುಟ ತಿರುಗಿಸಿದ್ದೆ. 'ಸಹಜವಾಗಿ ಯಾರಿಗೆ' ಎಂಬಲ್ಲಿ ಒಬ್ಬ ಹೆಂಡತಿ ನಿಂತಿದ್ದಾಳೆ ಎಂದು ನನಗೆ ಹೊಳೆದೇ ಇರಲಿಲ್ಲ. ಎಂದೋ ಯಾರೋ, ಇಂಥವಳ ಬಾಯಿಂದ ಆ ಮಾತು ಹೊರಡುವುದಿಲ್ಲ ಎಂದು ಅರಿತವರಂತೆ ಆ ವಾಕ್ಯ ಬರೆದಿದ್ದರು. ಅದು ಅಷ್ಟು ಕಾಲ ಪುಸ್ತಕದಲ್ಲಿ ಕಾದಿದ್ದು, ಆವತ್ತು ಅವಳ ಪಕ್ಕ ಬಂದು ನಿಂತಿತು.

ಹೊರಗೆ ಜಗಲಿಯಲ್ಲಿ ಅವಳು ಅತ್ತೆಯ ಕೋಟಿನ ತೋಳು ಹಿಡಿದುಕೊಂಡು, "ತೀರ್ಪು ಬಂದ ಮೇಲೆ ಅವರು ಬಂದುಬಿಟ್ಟರೆ?" ಎಂದು ಕೇಳಿದಳು.

"ಬರಲಿ ಕಣಮ್ಮ," ಎಂದು ಅತ್ತೆ ತಮಿಳಿನಲ್ಲೇ ಸಮಾಧಾನ ಹೇಳಿದರು. "ಇದು ಕೋರ್ಟು ಅಂದುಕೊಂಡದ್ದು ಅಷ್ಟೆ. ಅವರು ಬಂದು ನಿಂತರೆ ಕೋರ್ಟೇ ದಾರಿ ಬಿಡುತ್ತೆ."

ಅವಳ ಮುಖ ಎಷ್ಟು ಹಗುರಾಯಿತೆಂದರೆ, ಗೆಲ್ಲುತ್ತೇನೋ ಸೋಲುತ್ತೇನೋ ಎಂಬುದನ್ನು ಆಮೇಲೆ ಅವಳು ಕೇಳಲೇ ಇಲ್ಲ. ಪಲ್ಲಾವರಂ ಕಡೆಯ ಟ್ರೇನು ಹಿಡಿಯಲು ನನ್ನ ಜೊತೆಗೇ ಹೊರಟಳು. ದಾರಿಯುದ್ದಕ್ಕೂ ನನ್ನ ಮಗಳ ಬಗ್ಗೆ ವಿಚಾರಿಸಿದಳು. ಅವಳ ಎದುರು ಕೂತು ನಾನು, ದೇವಸ್ಥಾನದಿಂದ ಬಂದವಳಂತೆ, ಕೇಳಿದ್ದಕ್ಕಷ್ಟೇ ಉತ್ತರ ಹೇಳುತ್ತ ಹೋದೆ.

ತೀರ್ಪು ಅವಳ ಪರವಾಗಿ ಬಂತೆಂದು ಕೆಲವು ವಾರಗಳ ಮೇಲೆ ಅತ್ತೆ ಫೋನು ಮಾಡಿದರು. "ಓದ್ತಿದ್ದೀಯೇನೇ?" ಎಂದೂ ಕೇಳಿದರು.

ಓದುತ್ತಿದ್ದೆ. ಆದರೆ ಬಹಳ ನಿಧಾನವಾಗಿ. ಒಂದು ಕಲಂ ಓದಿದರೆ, ಇದು ಯಾರಿಗಾಗಿ ಹುಟ್ಟಿತು ಎಂದು ಯೋಚಿಸುತ್ತ ಕಿಟಕಿಯಾಚೆ ನೋಡುತ್ತಿದ್ದೆ. ಕಾಲೇಜು ತೆರೆಯುವ ಹೊತ್ತಿಗೆ ಒಂದು ಪುಸ್ತಕದ ಕಾಲುಭಾಗವೂ ಮುಗಿದಿರಲಿಲ್ಲ.