ಬಾಗವಾನ ಡಾಕ್ಟರರು ಮತ್ತು ಕೂತುಬಿಟ್ಟ ಜಿಂಕೆ

ಡಾಕ್ಟರ್ ಬಾಗವಾನರು ಯಾವ ಕೊಟ್ಟಿಗೆಗೆ ಹೋದರೂ ಮೊದಲು ಕಾಯಿಲೆ ಬಿದ್ದ ಪ್ರಾಣಿಗೆ ಬೆನ್ನು ಹಾಕಿ ಕೂಡುತ್ತಿದ್ದರು. ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತು, ಪ್ಯಾಂಟಿನ ಜೇಬಿನಿಂದ ಹುರಿದ ಶೇಂಗಾ ತೆಗೆದು, ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ, ಸುತ್ತಲಿನ ಗಿಡ, ಗಟಾರ, ಮನೆ, ಮಂದಿ ಎಲ್ಲವನ್ನೂ ನೋಡುತ್ತಿದ್ದರು. ಅವಸರದಲ್ಲಿ ಕರೆಸಿದ ಮಾಲೀಕರಿಗೆ ಇದನ್ನು ನೋಡಿ ಮೈ ಉರಿಯುತ್ತಿತ್ತು. ಒಂದು ಸಲ ನಾನೇ ಕೇಳಿದ್ದೆ.

“ದಿಟ್ಟಿಸಿ ನೋಡಿದ್ರ ಅವಕ್ಕ ನಾವು ಹುಲಿ ಇದ್ದಂಗರಿ, ಪಾಟೀಲರ,” ಅಂದರು. “ಅದು ನನ್ನನ್ನ ಮರತಬಿಡ್ಲಿ. ಅಷ್ಟೊತ್ತು ನಾ ಅದರ ಓಣಿ ನೋಡ್ತೀನಿ. ಬ್ಯಾನಿ ಅರ್ಧ ಓಣ್ಯಾಗ ಇರತೈತಿ.”

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯ ಬದಿಯಲ್ಲಿದ್ದ ಒಂದು ಸಣ್ಣ ಜಿಂಕೆವನದ ಉಸ್ತುವಾರಿ ನನ್ನದಾಗಿತ್ತು. ತಂತಿಬೇಲಿಯೊಳಗೆ ಚುಕ್ಕೆ ಜಿಂಕೆಗಳ ಒಂದು ಹಿಂಡು. ಅವಕ್ಕೆ ಮೇವು ಹಾಕಲು ಯಲ್ಲವ್ವ ಎಂಬ ನಡುವಯಸ್ಸಿನ ಹೆಂಗಸು. ರವಿವಾರ ಬಂತೆಂದರೆ ಬೆಳಗಾವಿಯಿಂದ ಮಕ್ಕಳು ಮರಿ ಕಟ್ಟಿಕೊಂಡು ಜನ ಬರುತ್ತಿದ್ದರು. ನನ್ನ ಕೆಲಸವೆಂದರೆ ಅವರು ಜಿಂಕೆಗಳಿಗೆ ಭಜಿ ತಿನ್ನಿಸದಂತೆ ಕಾಯುವುದು. ಅಷ್ಟು ಸುಖದ ನೌಕರಿ.

ಆ ವರ್ಷ ಮಳೆಗಾಲ ಇನ್ನೇನು ಮುಗಿಯಬೇಕು, ಒಂದು ಬೆಳಿಗ್ಗೆ ಯಲ್ಲವ್ವ ಓಡಿ ಬಂದಳು. ಹಿಂದಿನ ಸಂಜೆ ನೆಗೆದಾಡಿಕೊಂಡಿದ್ದ ದೊಡ್ಡ ಕೊಂಬಿನ ಗಂಡು ಜಿಂಕೆ ನಾಯಿಯ ಹಾಗೆ ಕುಂಡಿಯೂರಿ ಕೂತಿತ್ತು. ಮುಂಗಾಲಿನಿಂದ ಎದ್ದು ಹಿಂಗಾಲು ಎಳೆಯುತ್ತ ನಾಲ್ಕು ಮಾರು ಹೋಗಿ ಮತ್ತೆ ಕುಸಿಯುತ್ತಿತ್ತು. ಅದರ ಹಿಂದೆಯೇ ಒಂದು ಹೆಣ್ಣು ಜಿಂಕೆಯೂ ಹಾಗೇ ಕೂತಿತು. ಅದು ಬೆಳ್ಳಿ. ಯಲ್ಲವ್ವನ ಕೈಯಿಂದಲೇ ಹುಲ್ಲು ತಿಂದು ಬೆಳೆದದ್ದು, ಮೇಲಾಗಿ ಗಬ್ಬದಲ್ಲಿತ್ತು.

ಒಬ್ಬರು ಹಾವು ಕಡಿದಿದೆ ಎಂದರು, ಇನ್ನೊಬ್ಬರು ದೃಷ್ಟಿ ತಾಗಿದೆ ಎಂದರು. ಹುಚ್ಚುನಾಯಿ ಬೇಲಿ ನುಸುಳಿರಬಹುದು ಎಂಬ ಮಾತು ಎದ್ದಾಗ ಮಾತ್ರ ಎಲ್ಲರ ಮುಖವೂ ಇಳಿಯಿತು. ಗಂಡು ಜಿಂಕೆ ಎರಡು ಹೊತ್ತು ಕಳೆಯುವುದರೊಳಗೆ ಸತ್ತಿತು. ಮೇಲಿನವರಿಗೆ ಫೋನು ಮಾಡಿದೆ. ಕೂತ ಜಿಂಕೆಯನ್ನು ಇಟ್ಟುಕೊಂಡು ಉಳಿದ ಹಿಂಡಿಗೆ ರೋಗ ಹಚ್ಚಬೇಡಿ, ಅದನ್ನು ಮುಗಿಸುವ ವ್ಯವಸ್ಥೆ ಮಾಡಿ ಎಂಬ ಸಲಹೆ ಬಂತು. ನಾನು ಒಂದು ದಿನದ ಸಮಯ ಬೇಡಿ, ಬಾಗವಾನರಿಗೆ ಹೇಳಿ ಕಳಿಸಿದೆ.

ಸ್ಕೂಟರಿನಲ್ಲಿ ಬಂದರು. ಬಕೆಟ್ ಕೇಳಿದರು. ಬೆಳ್ಳಿಗೆ ಬೆನ್ನು ಹಾಕಿ ಕೂತರು. ನಾನು ಅತ್ತಿಂದಿತ್ತ ಅಡ್ಡಾಡುತ್ತಿದ್ದರೆ ಇವರು ಶೇಂಗಾ ತಿನ್ನುತ್ತ ಯಲ್ಲವ್ವನ ಮಗಳ ಮದುವೆಯ ಸುದ್ದಿ ಕೇಳುತ್ತಿದ್ದರು. ನಡುನಡುವೆ ಮಾತ್ರ, ಬೆಳ್ಳಿ ನೀರು ಕುಡಿಯುತ್ತದೆಯೇ, ಬಾಯಲ್ಲಿ ಜೊಲ್ಲು ಸುರಿದದ್ದು ಕಂಡಿತೇ, ಉಚ್ಚೆಯ ಬಣ್ಣ ಕೆಂಪಗಿತ್ತೇ ಎಂಬ ಪ್ರಶ್ನೆಗಳು ಬರುತ್ತಿದ್ದವು. ಆಮೇಲೆ ಕೈಗವಸು ತೊಟ್ಟು, ಯಲ್ಲವ್ವನ ಹಳೇ ಸೀರೆಯ ತುಂಡೊಂದನ್ನು ಬೆಳ್ಳಿಯ ಕಣ್ಣಿಗೆ ಕಟ್ಟಿಸಿದರು. ಕಣ್ಣು ಮುಚ್ಚಿದೊಡನೆ ಅದರ ಏದುಸಿರು ಇಳಿಯಿತು. ಬೆನ್ನೆಲುಬನ್ನು ಕುತ್ತಿಗೆಯಿಂದ ಬಾಲದವರೆಗೆ ಬೆರಳಿನಿಂದ ಒತ್ತಿ ನೋಡಿದರು. ಹಿಂಗಾಲಿನ ಗೊರಸಿನ ಸಂದಿಯಲ್ಲಿ ಚಿವುಟಿದರು. ಎಡಗಾಲು ಸ್ವಲ್ಪ ಹಿಂದೆ ಸರಿಯಿತು, ಬಲಗಾಲು ಅಲುಗಲಿಲ್ಲ. ಎಳೆ ಜೋಳದ ಗರಿಯೊಂದನ್ನು ಬಾಯಿಗೆ ಹಿಡಿದರು. ಬೆಳ್ಳಿ ಅಗಿದು ನುಂಗಿತು.

ಹುಚ್ಚು ರೋಗವಾಗಿದ್ದರೆ ಹೀಗೆ ನುಂಗುವುದು ಕಷ್ಟ ಎಂದು ವಿವರಿಸಿದರು. ಬೆದರಿ ಓಡಿ ಮಾಂಸಖಂಡ ಕೆಟ್ಟಿದ್ದರೆ ಉಚ್ಚೆ ಕಪ್ಪುಗೆಂಪಾಗಬೇಕಿತ್ತು. ಬೆನ್ನು ಮುರಿದಿಲ್ಲ. ಜ್ವರವಿಲ್ಲ. ಎರಡು ಕಾಲೂ ಒಂದೇ ಸಮ ಹೋಗಿಲ್ಲ, ಅಂದರೆ ಬೆನ್ನುಹುರಿಯೊಳಗೆ ಏನೋ ಎಲ್ಲೋ ಒಂದು ಕಡೆ ಗಾಯ ಮಾಡಿದೆ. ಹಾಗಂತ ಹುಚ್ಚಲ್ಲ ಎಂದು ಅವರು ಆಣೆ ಮಾಡಲಿಲ್ಲ. ಸತ್ತ ಜಿಂಕೆಯ ಮಿದುಳನ್ನು ಪರೀಕ್ಷೆಗೆ ಕಳಿಸಿ, ಉತ್ತರ ಬರುವವರೆಗೆ ಯಾರೂ ಬರಿಗೈಯಲ್ಲಿ ಮುಟ್ಟಕೂಡದೆಂದು ತಾಕೀತು ಮಾಡಿದರು. ಅದರ ಬೆನ್ನುಹುರಿಯನ್ನು ಮಾತ್ರ ತಾವೇ ಫಾರ್ಮಲಿನ್ ದ್ರಾವಣದ ಜಾರಿನಲ್ಲಿ ಹಾಕಿಕೊಂಡು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡರು.

ಹೊರಡುವ ಹೊತ್ತಿಗೆ ಸಂಜೆ. ಅವರು ತಮ್ಮ ಕೊರಳಿನ ಮೇಲೆ ಫಟ್ಟನೆ ಹೊಡೆದುಕೊಂಡು, ಅಂಗೈಯಲ್ಲಿ ಅಂಟಿದ ಸೊಳ್ಳೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬೇಲಿಯಾಚೆ ಕೈ ತೋರಿ, ಆ ಎಮ್ಮೆಗಳು ಯಾರವು, ಯಾವಾಗ ಬಂದವು ಎಂದು ಕೇಳಿದರು. ಪಾರ್ವತಿಬಾಯಿ ಎಂಬ ಮುದುಕಿಯವು, ಈ ಮಳೆಗಾಲದ ಮೊದಲಷ್ಟೇ ಅಲ್ಲಿ ಕೊಟ್ಟಿಗೆ ಹಾಕಿದ್ದಾಳೆ ಎಂದೆ. ಕೊಟ್ಟಿಗೆಯ ಹಿಂದೆ ಎಮ್ಮೆ ಹೊರಳುವ ಹೊಂಡದಲ್ಲಿ ಹಸಿರು ನೀರು ನಿಂತಿತ್ತು. ಬಾಗವಾನರ ಮುಖದಲ್ಲಿ ಹಬ್ಬದ ಕಳೆ ಬಂತು. ಅಲ್ಲೇ ಬೆಳ್ಳಿಗೆ ಚರ್ಮದಡಿ ಒಂದು ಹುಳದ ಔಷಧಿ ಚುಚ್ಚಿದರು. ಬಾವು ಇಳಿಸಲು ಎಲ್ಲರೂ ಕೊಡುವ ಇನ್ನೊಂದು ಇಂಜೆಕ್ಷನ್ನನ್ನು ಕೈಯಲ್ಲಿ ಹಿಡಿದು, ಗಬ್ಬ ಇಳಿದುಬಿಡಬಹುದು ಎಂದು ಮತ್ತೆ ಚೀಲದೊಳಗಿಟ್ಟು, ಬೇರೊಂದು ಸೌಮ್ಯ ಔಷಧಿ ಕೊಟ್ಟರು.

ಮರುದಿನ ಬೆಳಗಾವಿಯ ಟಿಳಕವಾಡಿಯಲ್ಲಿದ್ದ ಅವರ ಮನೆಗೆ ಹೋದೆ. ಊಟದ ಮೇಜಿನ ಮೇಲೆ ಒಂದು ಕಡೆ ಸೂಕ್ಷ್ಮದರ್ಶಕ, ಇನ್ನೊಂದು ಕಡೆ ಒಗ್ಗರಣೆ ಅವಲಕ್ಕಿ. ಅವರ ಹೆಂಡತಿ ನನಗೆ ಪ್ಲೇಟು ಕೊಡುತ್ತ, ಈ ಮನೆಯಲ್ಲಿ ತಿನ್ನುವ ಮುನ್ನ ಒಂದು ಸಲ ಕೇಳಿಕೊಳ್ಳುವುದು ಒಳ್ಳೆಯದು ಎಂದು ನಕ್ಕರು. ಬಾಗವಾನರು ನನ್ನ ತಲೆಯನ್ನೇ ಹಿಡಿದು ಮಸೂರದ ಮೇಲೆ ಬಗ್ಗಿಸಿದರು. ಕೂದಲೆಳೆಗಿಂತ ತೆಳುವಾದ ಒಂದು ಹುಳ ಸುರುಳಿಯಾಗಿ ಬಿದ್ದಿತ್ತು.

“ಇದು ಎಮ್ಮಿ ಹೊಟ್ಟ್ಯಾಗ ಇರೂ ಹುಳದ ಮರಿ,” ಅಂದರು. “ಅಲ್ಲಿ ಯಾರಿಗೂ ತ್ರಾಸ ಇಲ್ಲ. ಸೊಳ್ಳಿ ಇದನ್ನ ಹೊತ್ಕೊಂಡ ಬಂದು ಜಿಂಕಿ ಮೈಯಾಗ ಇಳಿಸೇತಿ. ಇಲ್ಲಿ ಇದಕ್ಕ ಹಾದಿ ತಿಳೀಲಿಲ್ಲ. ಅಡ್ಡಾಡಿ ಅಡ್ಡಾಡಿ ಬೆನ್ನುಹುರಿಗೆ ಹೊಕ್ತು. ಹುಳಾನೂ ಬದುಕಲಿಲ್ಲ, ಜಿಂಕಿನೂ ಬದುಕಲಿಲ್ಲ.”

ಬೆಳ್ಳಿ ಬದುಕುತ್ತದೆಯೇ ಎಂದು ಕೇಳಿದೆ. ಹುಳ ಸಾಯುತ್ತದೆ, ಆದರೆ ಅದು ತುಳಿದು ಹಾಳು ಮಾಡಿದ ದಾರಿಯನ್ನು ಯಾವ ಔಷಧಿಯೂ ಕಟ್ಟಿಕೊಡುವುದಿಲ್ಲ, ಉಳಿದದ್ದು ಆರೈಕೆಯ ಮೇಲೆ ಎಂದರು. ಮಿದುಳಿನ ಪರೀಕ್ಷೆಯಲ್ಲಿ ಹುಚ್ಚು ಇಲ್ಲವೆಂದು ತಿಳಿದ ದಿನ ಮೇಲಿನವರೂ ತಮ್ಮ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡರು.

ಇನ್ನು ಪಾರ್ವತಿಬಾಯಿಯ ಪಾಳಿ. ಹೊಂಡದ ನೀರು ತೆಗೆಸುವ ಬಗ್ಗೆ ಅವಳ ಜೊತೆ ನಾನು ಮೊದಲೇ ಒಂದು ಸಲ ಮಾತಾಡಿ, ಮರಾಠಿ ಕನ್ನಡ ಎರಡರಲ್ಲೂ ಬೈಸಿಕೊಂಡು ಬಂದಿದ್ದೆ. ಬಾಗವಾನರು ಹೊಂಡದ ಸುದ್ದಿಯನ್ನೇ ಎತ್ತಲಿಲ್ಲ. ಅವಳ ಎಮ್ಮೆಗಳನ್ನು ಒಂದೊಂದಾಗಿ ಹೊಗಳಿದರು. ಒಂದರ ಕೆಚ್ಚಲ ಹುಣ್ಣಿಗೆ ಮುಲಾಮು ಹಚ್ಚಿದರು. ಗಟ್ಟಿ ಹಾಲಿನ ಚಹಾ ಕುಡಿದು ಇನ್ನೊಂದು ಕಪ್ಪು ಕೇಳಿ ಹಾಕಿಸಿಕೊಂಡರು. ಆಮೇಲೆ ಮರಾಠಿಯಲ್ಲಿ, ಸಂಜೆ ಎಮ್ಮೆಗಳು ಸೊಳ್ಳೆ ಕಾಟಕ್ಕೆ ಬಾಲ ಬೀಸಿ ಬೀಸಿ ದಣಿಯುತ್ತವೆ, ಹಾಲು ಕಡಿಮೆಯಾಗುವುದು ಅದಕ್ಕೇ ಇರಬೇಕು ಎಂದರು. ಮುದುಕಿ ನನ್ನ ಕಡೆ ತಿರುಗಿದಳು.

“ಇದನ್ನ ನೀವ್ಯಾಕ ಹೇಳಲಿಲ್ಲ? ಬರೇ ನಿಮ್ಮ ಜಿಂಕಿ ಜಿಂಕಿ ಅಂದ್ರಿ. ನನ್ನ ಎಮ್ಮಿಗೂ ಜೀವ ಐತಿಲ್ಲ?”

ಆ ವಾರವೇ ಹೊಂಡದ ನೀರು ಹರಿದು ಹೋಯಿತು, ಕೊಟ್ಟಿಗೆ ಬೇಲಿಯಿಂದ ದೂರ ಸರಿಯಿತು. ಎಮ್ಮೆಗಳಿಗೂ ಹುಳದ ಔಷಧಿ ಬಿತ್ತು. ಸಂಜೆ ಎರಡೂ ಕಡೆ ಬೇವಿನ ಸೊಪ್ಪಿನ ಹೊಗೆ ಏಳತೊಡಗಿತು.

ಬೆಳ್ಳಿಗೆ ಒಣಹುಲ್ಲಿನ ದಪ್ಪ ಹಾಸಿಗೆ ಮಾಡಿ, ಸುತ್ತ ಗೋಣಿತಟ್ಟು ಕಟ್ಟಿದೆವು. ಹೊತ್ತು ಹೊತ್ತಿಗೆ ಮಗ್ಗುಲು ಬದಲಿಸುವ ಕೆಲಸ ನನ್ನದು ಮತ್ತು ಯಲ್ಲವ್ವನದು. ಬಾಗವಾನರು ಡ್ಯೂಟಿ ಮುಗಿಸಿ ಬಂದು, ಕಾಲುಗಳನ್ನು ಮಡಚಿ ಬಿಡಿಸಿ ತಿಕ್ಕುತ್ತಿದ್ದರು. ತಿಕ್ಕುವಾಗ ತಮ್ಮ ಮನೆಮಾತು ದಖನಿ ಉರ್ದುವಿನಲ್ಲಿ ಅದರ ಜೊತೆ ಅದೂ ಇದೂ ಮಾತಾಡುತ್ತಿದ್ದರು. ಒಮ್ಮೆ ಕಿವಿಗೊಟ್ಟೆ. ಬೆಳಗಾವಿಯ ರವಿವಾರ ಪೇಟೆಯಲ್ಲಿ ತೊಗರಿಬೇಳೆ ತುಟ್ಟಿಯಾದದ್ದನ್ನು ಅದಕ್ಕೆ ತಿಳಿಸುತ್ತಿದ್ದರು. ಗೋಣಿತಟ್ಟಿನ ಜೋಳಿಗೆ ಕಟ್ಟಿ ದಿನಾ ಸ್ವಲ್ಪ ಹೊತ್ತು ಬೆಳ್ಳಿಯನ್ನು ನಿಲ್ಲಿಸುತ್ತಿದ್ದೆವು. ಹಿಂಗಾಲುಗಳು ಹಸಿ ಹಗ್ಗದ ಹಾಗೆ ಜೋಲುತ್ತಿದ್ದವು. ನಾನು ಮನಸ್ಸಿನಲ್ಲಿ ಆಸೆ ಬಿಟ್ಟಿದ್ದೆ. ಅವರು ಬಿಡಲಿಲ್ಲವೋ, ಬಿಟ್ಟೂ ತೋರಿಸಲಿಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.

ಒಂದು ಮಧ್ಯಾಹ್ನ ಯಲ್ಲವ್ವ ಮೇವು ಹಿಡಿದು ತಟ್ಟು ಸರಿಸಿದಾಗ ಬೆಳ್ಳಿ ತಾನಾಗಿಯೇ ಎದ್ದು ನಿಂತಿತ್ತು. ನಾಲ್ಕೂ ಕಾಲು ನಡುಗುತ್ತಿದ್ದವು, ಬಲಗಾಲು ಹೊರಕ್ಕೆ ವಾಲಿತ್ತು, ಆದರೂ ನಿಂತಿತ್ತು. ಯಲ್ಲವ್ವ ಕೂಗಲಿಲ್ಲ. ಮೇವು ಅಲ್ಲೇ ಇಟ್ಟು, ಬಾಯಿಗೆ ಸೆರಗು ಒತ್ತಿಕೊಂಡು, ಸನ್ನೆ ಮಾಡಿ ನನ್ನನ್ನು ಕರೆದಳು. ಚಳಿಗಾಲದಲ್ಲಿ ಅದು ಹಿಂಡು ಸೇರಿತು. ಆಮೇಲೆ ಮರಿ ಹಾಕಿತು.

ಬಾಗವಾನರು ಎರಡು ವರ್ಷದ ನಂತರ ನಿವೃತ್ತರಾದರು. ಹಾರ ತುರಾಯಿಯ ಸಮಾರಂಭ ಬೇಡವೆಂದು ತಪ್ಪಿಸಿಕೊಂಡು, ಖಾನಾಪುರದ ಬಸ್ಸು ಹತ್ತಿ ನಮ್ಮಲ್ಲಿಗೆ ಬಂದರು. ಬೆಳ್ಳಿಯನ್ನು ನೋಡಬೇಕೆಂದರು. ಹಿಂಡು ಮರದ ನೆರಳಿನಲ್ಲಿ ಮೇಯುತ್ತಿತ್ತು. ಅವರು ಆ ದಿನ ಬೆನ್ನು ಹಾಕಲಿಲ್ಲ, ಬೇಲಿಗೆ ಮುಖ ಒತ್ತಿ ನಿಂತು ಮೆಲ್ಲಗೆ ದಖನಿಯಲ್ಲಿ ಏನೋ ಅಂದರು. ಉಳಿದ ಜಿಂಕೆಗಳು ತಲೆ ಎತ್ತಿ ನೋಡಿ ಮತ್ತೆ ಮೇಯತೊಡಗಿದವು. ಬೆಳ್ಳಿಯ ಕಿವಿ ಮಾತ್ರ ನೆಟ್ಟಗಾಯಿತು. ಆ ದನಿ, ಆ ಸೂಜಿ, ಆ ತಿಕ್ಕಾಟ ಎಲ್ಲ ನೆನಪಾಗಿರಬೇಕು. ಒಂದೇ ನೆಗೆತಕ್ಕೆ ಅದು ಮಣ್ಣು ಹಾರಿಸಿಕೊಂಡು, ಬಲಗಾಲು ಸೊಟ್ಟಗೆ ಬೀಸುತ್ತ, ವನದ ಆ ತುದಿಗೆ ಓಡಿಹೋಯಿತು.

ನನಗೆ ಒಂಥರಾ ಕಸಿವಿಸಿಯಾಯಿತು. ಅಷ್ಟು ಮಾಡಿದವರ ಕಡೆ ಅದು ತಿರುಗಿಯೂ ನೋಡಲಿಲ್ಲವಲ್ಲ ಎಂದೆ. ಬಾಗವಾನರು ನಗುತ್ತಿದ್ದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂದು, ಚಷ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

“ತಿರುಗಿ ನೋಡೂದ್ಯಾಕ್ರಿ,” ಅಂದರು. “ಓಡಿದ್ಲಲ್ಲ.”

ಅದೇ ನಮ್ಮ ಕೊನೆಯ ಭೇಟಿ. ಮುಂದಿನ ಮಳೆಗಾಲ ಬರುವಷ್ಟರಲ್ಲಿ ಅವರು ಹೋಗಿಬಿಟ್ಟರು. ಸುದ್ದಿ ತಂದವನು ನನ್ನನ್ನು ಹುಡುಕಿಕೊಂಡು ಬಂದಾಗ ನಾನು ಬೇಲಿಯ ಹತ್ತಿರವೇ ಇದ್ದೆ. ಒಳಗೆ ಬೆಳ್ಳಿ ತನ್ನ ಎರಡನೆಯ ಮರಿಯನ್ನು ಅಟ್ಟಿಸಿಕೊಂಡು ಓಡುತ್ತಿತ್ತು.